ಇಂಪೆಲ್ಲರ್ ಬಿಚ್ಚಲು ಸುತ್ತಿಗೆ ಬೇಡ

ಮೋಟಾರ್ ತಿರುಗ್ತದ, ನೀರು ಬರವಲ್ದು! ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ಕಾಗಿಣಾ ದಂಡೆಯ ರೈತರೇ, ಫುಟ್‌ವಾಲ್ವ್ ಸರಿಯಿದ್ದರೆ ಇಂಪೆಲ್ಲರ್ ನೋಡಿ.

ದೋಣಿಯ ಪ್ರೊಪೆಲ್ಲರ್ ನೀರನ್ನು ಹಿಂದಕ್ಕೆ ತಳ್ಳುತ್ತದೆ. ಪಂಪಿನ ಇಂಪೆಲ್ಲರ್ ಅದನ್ನು ಸುತ್ತಿಸಿ ಹೊರಕ್ಕೆ ಎಸೆಯುತ್ತದೆ. ಮರಳು ಅದರ ರೆಕ್ಕೆ ಸವೆಸುತ್ತದೆ, ಕಲ್ಲು ಸಿಕ್ಕರೆ ಮುರಿಯುತ್ತದೆ.

ಮೊದಲು ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಕೇಸಿಂಗ್ ಬೋಲ್ಟ್ ಬಿಚ್ಚಿ, ಶಾಫ್ಟಿನ ನಟ್ ತೆಗೆಯಿರಿ. ಇಂಪೆಲ್ಲರ್ ತುಕ್ಕು ಹಿಡಿದು ಕೂತಿದೆಯೇ? ಸುತ್ತಿಗೆಯಿಂದ ಹೊಡೆದರೆ ಬೀಡು ಒಡೆಯುತ್ತದೆ, ಶಾಫ್ಟ್ ಬಾಗುತ್ತದೆ. ಪುಲ್ಲರ್ ಹಾಕಿ ಎಳೆಯಿರಿ.

ಶಾಫ್ಟ್ ಒರೆಸಿ, ಕೀ ಸರಿಯಾಗಿ ಕೂರಿಸಿ, ಅದೇ ಅಳತೆಯ ಹೊಸ ಇಂಪೆಲ್ಲರ್, ಹೊಸ ಪ್ಯಾಕಿಂಗ್ ಹಾಕಿ. ಕೈಯಲ್ಲಿ ತಿರುಗಿಸಿ, ಎಲ್ಲೂ ಉಜ್ಜಬಾರದು.

ಪಂಪಿಗೆ ನೀರು ತುಂಬಿಸದೆ ಮಾತ್ರ ಚಾಲೂ ಮಾಡಬೇಡಿ, ಸೀಲ್ ಸುಡುತ್ತದೆ. ಕಲ್ಲು ತಡೆಯುವ ಫುಟ್‌ವಾಲ್ವಿನ ಜಾಳಿಗೆ ಹರಿದಿದ್ದರೆ ಅದನ್ನೂ ಇವತ್ತೇ ಬದಲಿಸಿ.