ನಮಾಜಿನ ಹೊತ್ತು, ಪಹರೆಯ ಹೊತ್ತು

ವೆಲ್ಲೂರಿನ ಕೋಟೆಯನ್ನು ನೋಡಿದವರಿಗೆ ಅದರ ಕಂದಕವೂ ಒಳಗಿನ ಜಲಕಂಠೇಶ್ವರನ ಗುಡಿಯೂ ನೆನಪಿನಲ್ಲಿರುತ್ತವೆ. ಅದೇ ಕೋಟೆಯಲ್ಲಿ 1806ನೆಯ ಇಸವಿ ಜುಲೈ 10ರ ನಸುಕಿನಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸಿಪಾಯಿಗಳು ತಮ್ಮ ಅಧಿಕಾರಿಗಳ ಮೇಲೆಯೇ ಬಂದೂಕು ತಿರುಗಿಸಿದರು. ಕಾರಣಗಳು ಒಂದೆರಡಲ್ಲ. ಟೀಪೂ ಸುಲ್ತಾನನ ಮಕ್ಕಳನ್ನು ಕಂಪೆನಿಯವರು ಆ ಕೋಟೆಯಲ್ಲಿಯೇ ಇರಿಸಿದ್ದರು. ಮೈಸೂರಿನ ಹುಲಿಯ ಬಾವುಟವೂ ಅಂದು ಕೋಟೆಯ ಮೇಲೆ ಏರಿತು. ಆದರೆ ಕಿಡಿ ಹೊತ್ತಿದ್ದು ಒಂದು ಪೇಟದಿಂದ. 1805ರ ನವೆಂಬರಿನಲ್ಲಿ ಮದರಾಸು ಸೈನ್ಯದ ಸೇನಾಪತಿ ಸರ್ ಜಾನ್ ಕ್ರಡಾಕ್ ಒಂದು ಅಪ್ಪಣೆ ಹೊರಡಿಸಿದ್ದನು. ಸಮವಸ್ತ್ರದಲ್ಲಿರುವಾಗ ಹಿಂದೂ ಸಿಪಾಯಿ ಹಣೆಗೆ ನಾಮ, ವಿಭೂತಿ ಇಡಕೂಡದು. ಮುಸಲ್ಮಾನ ಸಿಪಾಯಿ ಗಡ್ಡ ಬಿಡಕೂಡದು. ಎಲ್ಲರೂ ತೊಗಲಿನ ಅಲಂಕಾರವುಳ್ಳ ಹೊಸ ಪೇಟವನ್ನು ತೊಡಬೇಕು. ಆ ತೊಗಲು ದನದ್ದೋ ಹಂದಿಯದೋ ಎಂಬ ಶಂಕೆ ಇಬ್ಬರನ್ನೂ ಒಂದೇ ಸಮನಾಗಿ ಸುಟ್ಟಿತು. ಆರ್ಕಾಟಿನಿಂದ ಕುದುರೆಯ ಪಡೆ ಬಂದು ದಂಗೆಯನ್ನು ಅಡಗಿಸುವ ಹೊತ್ತಿಗೆ ಎರಡೂ ಕಡೆ ಸೇರಿ ನೂರಾರು ಮಂದಿ ಸತ್ತಿದ್ದರು. ಬಳಿಕ ಅಪ್ಪಣೆಯನ್ನು ಹಿಂದಕ್ಕೆ ತೆಗೆದುಕೊಂಡರು. 1807ರಲ್ಲಿ ಗವರ್ನರ್ ಬೆಂಟಿಂಕನನ್ನು ವಿಲಾಯತಿಗೆ ಮರಳಿ ಕರೆಸಿಕೊಂಡರು. ಮೊದಲೇ ಸಿಪಾಯಿಗಳನ್ನು ಕರೆದು ಒಂದು ಮಾತು ಕೇಳಿದ್ದರೆ ಆ ಪೇಟ ಪೆಟ್ಟಿಗೆಯಲ್ಲಿಯೇ ಉಳಿಯುತ್ತಿತ್ತು.

ಒಂದು ಶತಮಾನ ಕಳೆಯಿತು. ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳಿಗಾಗಿ ಇಂಗ್ಲೆಂಡಿನ ಬ್ರೈಟನ್ ನಗರದ ಅರಮನೆಯೊಂದನ್ನು 1914ರ ಡಿಸೆಂಬರಿನಲ್ಲಿ ಆಸ್ಪತ್ರೆಯಾಗಿ ಮಾರ್ಪಡಿಸಿದರು. ಅಲ್ಲಿ ಬೇರೆ ಬೇರೆ ಆಚಾರದವರಿಗಾಗಿ 9 ಅಡಿಗೆಮನೆಗಳಿದ್ದವು. ಹಿಂದೂಗಳಿಗೂ ಮುಸಲ್ಮಾನರಿಗೂ ಪ್ರತ್ಯೇಕ ನೀರಿನ ನಲ್ಲಿಗಳಿದ್ದವು. ಸೂಚನಾ ಫಲಕಗಳು ಉರ್ದು, ಹಿಂದಿ, ಗುರುಮುಖಿಗಳಲ್ಲಿದ್ದವು. ಮುಸಲ್ಮಾನರ ನಮಾಜಿಗೆಂದು ಹುಲ್ಲುಹಾಸಿನ ಒಂದು ಭಾಗವನ್ನು ಬಿಟ್ಟುಕೊಟ್ಟಿದ್ದರು. ಸತ್ತ ಹಿಂದೂ ಸಿಖ್ ಯೋಧರ ದಹನ ಊರ ಹೊರಗಿನ ದಿಬ್ಬದ ಮೇಲೆ ನಡೆಯಿತು. ಮುಸಲ್ಮಾನರ ಶವಗಳನ್ನು ವೋಕಿಂಗ್ ಊರಿಗೆ ಕೊಂಡೊಯ್ದರು. 1889ರಲ್ಲಿ ಕಟ್ಟಿದ ಮಸೀದಿ ಅಲ್ಲಿತ್ತು. 1917ರ ಹೊತ್ತಿಗೆ ಮುಸಲ್ಮಾನ ಯೋಧರಿಗೆಂದೇ ಒಂದು ಗೋರಿಸ್ಥಳವೂ ಸಿದ್ಧವಾಯಿತು. ಇದೆಲ್ಲ ಕೇವಲ ಔದಾರ್ಯವೆಂದು ತಿಳಿಯಬೇಕಾಗಿಲ್ಲ. ಮುಸಲ್ಮಾನ ಸಿಪಾಯಿಗಳನ್ನು ಅವರ ವಿಧಿಯಂತೆ ಮಣ್ಣು ಮಾಡುತ್ತಿಲ್ಲವೆಂದು ಜರ್ಮನರು ಪ್ರಚಾರ ಮಾಡುತ್ತಿದ್ದರು. ಆಳುವವರಿಗೆ ಸಿಪಾಯಿಯ ನಿಷ್ಠೆ ಬೇಕಾಗಿತ್ತು. ಸ್ವಾರ್ಥವಿದ್ದರೂ ಒಂದು ಪಾಠವನ್ನು ಅವರು ಕಲಿತಿದ್ದರು: ತನ್ನ ಅನ್ನ, ನೀರು, ಪ್ರಾರ್ಥನೆ, ಕೊನೆಯ ಮಣ್ಣು ಇವುಗಳ ಚಿಂತೆಯಿಲ್ಲದವನು ನೆಮ್ಮದಿಯಿಂದ ದುಡಿಯುತ್ತಾನೆ.

ಸ್ವತಂತ್ರ ಭಾರತದ ಸೈನ್ಯದಲ್ಲಿ ಈ ಪಾಠ ಕ್ರಮಬದ್ಧವಾಗಿದೆ. ಪಂಡಿತ, ಗ್ರಂಥಿ, ಮೌಲ್ವಿ, ಪಾದ್ರಿಗಳನ್ನು ನಾಯಬ್ ಸುಬೇದಾರ್ ದರ್ಜೆಯಲ್ಲಿ ಧರ್ಮಗುರುಗಳಾಗಿ ನೇಮಿಸಿಕೊಳ್ಳುತ್ತಾರೆ. ಅನೇಕ ಪಾಳೆಯಗಳಲ್ಲಿ ಎಲ್ಲ ಮತಗಳಿಗೂ ಒಂದೇ ಸೂರಿನಡಿ ಜಾಗವಿರುವ ‘ಸರ್ವಧರ್ಮ ಸ್ಥಳ’ವಿದೆ. ಅಧಿಕಾರಿಯ ಮತ ಯಾವುದೇ ಇರಲಿ, ತನ್ನ ಜವಾನರ ಹಬ್ಬದಲ್ಲಿ ಅವರೊಡನೆ ನಿಲ್ಲುವುದು ಅಲ್ಲಿಯ ಸಂಪ್ರದಾಯ.

ಹಾಗಾದರೆ ಮುಸಲ್ಮಾನ ಜೊತೆಗಾರನಿಗೆ ನಾವು ಅನುವು ಮಾಡಿಕೊಡಬೇಕಾದದ್ದು ಏನು? ಬಹಳವೇನೂ ಅಲ್ಲ, ಆದರೆ ಅದನ್ನು ತಿಳಿದುಕೊಂಡಿರಬೇಕು.

ದಿನದ ನಮಾಜುಗಳು ಐದು: ನಸುಕಿನಲ್ಲಿ, ನಡುಹಗಲು ತಿರುಗಿದ ಮೇಲೆ, ಇಳಿಹೊತ್ತಿನಲ್ಲಿ, ಸೂರ್ಯ ಮುಳುಗಿದೊಡನೆ ಮತ್ತು ರಾತ್ರಿ. ಒಂದೊಂದಕ್ಕೂ ಒಂದು ಅವಧಿಯಿದೆ. ಗಡಿಯಾರದ ಒಂದು ನಿಮಿಷಕ್ಕೆ ಕಟ್ಟುಬಿದ್ದದ್ದಲ್ಲ. ಮಧ್ಯಾಹ್ನದ್ದಕ್ಕೆ ಇಳಿಹೊತ್ತಿನವರೆಗೂ ಕಾಲವುಂಟು. ಆದ್ದರಿಂದ ಊಟದ ಬಿಡುವಿನಲ್ಲಿ ಹತ್ತು ನಿಮಿಷ ಸಿಕ್ಕರೆ ಸಾಕು. ಸಂಜೆಯದ್ದಕ್ಕೆ ಮಾತ್ರ ಅವಕಾಶ ಕಡಿಮೆ. ಶುಕ್ರವಾರ ಮಧ್ಯಾಹ್ನದ ನಮಾಜನ್ನು ಸಾಮೂಹಿಕವಾಗಿ ಮಾಡಬೇಕು, ಅದರಲ್ಲಿ ಪ್ರವಚನವೂ ಇರುತ್ತದೆ. ಒಬ್ಬನೇ ಕುಳಿತು, ಅಥವಾ ಶನಿವಾರಕ್ಕೆ ಮುಂದೂಡಿ ಮಾಡುವಂತಿಲ್ಲ. ಮೇಸ್ತ್ರಿಯಾದವನು ಶುಕ್ರವಾರದ ಸಭೆಯನ್ನು ಒಂದು ಗಂಟೆ ಹಿಂದೆಯೋ ಮುಂದೆಯೋ ಇಟ್ಟರೆ ಅರ್ಧ ತೊಡಕು ಬಗೆಹರಿಯಿತು. ನಮಾಜಿಗೆ ಮುಂಚೆ ಕೈ, ಬಾಯಿ, ಮೂಗು, ಮುಖ, ಮೊಳಕೈಯವರೆಗೆ ತೋಳು, ಪಾದಗಳನ್ನು ತೊಳೆದು, ತಲೆಯನ್ನು ಒದ್ದೆಗೈಯಿಂದ ಸವರಿಕೊಳ್ಳಬೇಕು. ಇದಕ್ಕೆ ಒಂದು ನಲ್ಲಿ, ಒಂದು ಚೊಕ್ಕ ಮೂಲೆ ಸಾಕು. ನಮಾಜು ಮಾಡುತ್ತಿರುವವನ ಎದುರಿಗೆ ಅಡ್ಡ ಹಾಯದಿರುವುದು, ನಡುವೆ ಮಾತಾಡಿಸದಿರುವುದು ನಾವು ತೋರಬೇಕಾದ ಸೌಜನ್ಯ.

ರಂಜಾನ್ ತಿಂಗಳಲ್ಲಿ ನಸುಕಿನಿಂದ ಸೂರ್ಯಾಸ್ತದವರೆಗೆ ಅನ್ನವಿಲ್ಲ, ನೀರೂ ಇಲ್ಲ. ಚಾಂದ್ರ ವರ್ಷಕ್ಕೆ ಸುಮಾರು 354 ದಿನಗಳಾದ್ದರಿಂದ ಈ ತಿಂಗಳು ಪ್ರತಿ ವರ್ಷ 11 ದಿನಗಳಷ್ಟು ಹಿಂದೆ ಸರಿಯುತ್ತದೆ. ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 2030ರಲ್ಲಂತೂ ಜನವರಿಯಲ್ಲೊಮ್ಮೆ, ಡಿಸೆಂಬರಿನ ಕೊನೆಯಲ್ಲೊಮ್ಮೆ ಎರಡು ಸಲ ಬರಲಿದೆ. ಬೇಸಗೆಯಲ್ಲಿ ಬಂದಾಗ ಕುಲುಮೆಯ ಮುಂದೆ ದುಡಿಯುವವನ ಸ್ಥಿತಿಯನ್ನು ಊಹಿಸಿಕೊಳ್ಳಿ. ಭಾರದ ಕೆಲಸವನ್ನು ಬೆಳಗಿನ ತಂಪಿನಲ್ಲಿ ಮುಗಿಸುವಂತೆ ಏರ್ಪಡಿಸುವುದು, ಸಂಜೆಯ ಪಾಳಿಯವನಿಗೆ ಉಪವಾಸ ಬಿಡುವ ಹೊತ್ತಿಗೆ ಖರ್ಜೂರ ನೀರಿಗಾದರೂ ಬಿಡುವು ಕೊಡುವುದು ದೊಡ್ಡ ತ್ಯಾಗವಲ್ಲ. ನಮ್ಮ ಕರಾವಳಿಯ ಅನೇಕರು ದುಡಿಯುವ ಅರಬ್ ಸಂಯುಕ್ತ ಸಂಸ್ಥಾನದಲ್ಲಿ ಈ ತಿಂಗಳು ದಿನದ ಕೆಲಸವನ್ನು 2 ಗಂಟೆ ಕಡಿಮೆ ಮಾಡುತ್ತಾರೆ, ಉಪವಾಸವಿಲ್ಲದವರಿಗೂ ಕೂಡ. ಈದ್ ಹಬ್ಬ ಚಂದ್ರದರ್ಶನವನ್ನು ಅವಲಂಬಿಸಿದ್ದು. ರಜೆ ಒಂದು ದಿನ ಆಚೀಚೆಯಾದರೆ ಅದು ಕೇಳಿದವನ ತಪ್ಪಲ್ಲ. ಕೇಂದ್ರ ಸರ್ಕಾರದ ನೌಕರರು ತಾವೇ ಆರಿಸಿಕೊಳ್ಳಬಹುದಾದ 2 ಪರಿಮಿತ ರಜೆಗಳು ಇಂಥ ಸಂದರ್ಭಕ್ಕೆಂದೇ ಇವೆ. ಊಟದ ಮನೆಯಲ್ಲಿ ಹಂದಿಯ ಮಾಂಸ, ಮದ್ಯಗಳು ಅವನಿಗೆ ವರ್ಜ್ಯ. ಉಳಿದ ಮಾಂಸವೂ ಹಲಾಲ್ ಆಗಿರಬೇಕು. ಖಚಿತವಿಲ್ಲದಿದ್ದರೆ ಸಸ್ಯಾಹಾರ ಬಡಿಸುವುದು ಸುಲಭದ ದಾರಿ.

ಆಚಾರಕ್ಕಾಗಿ ಕೆಲಸ ಕೆಟ್ಟರೆ ಏನು ಗತಿ ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಇದಕ್ಕೆ ಉತ್ತರ ಅವರ ಧರ್ಮದೊಳಗೇ ಇದೆ. ರೋಗಿಯೂ ಪ್ರಯಾಣಿಕನೂ ಉಪವಾಸವನ್ನು ಬಿಟ್ಟು ಬೇರೆ ದಿನಗಳಲ್ಲಿ ತೀರಿಸಬಹುದು. ಪ್ರಯಾಣದಲ್ಲಿ ನಮಾಜು ಮೊಟಕಾಗುತ್ತದೆ. ನೀರಿಲ್ಲದ ಕಡೆ ಶುದ್ಧವಾದ ಮಣ್ಣಿನಿಂದಲೇ ಶುಚಿಯಾಗಬಹುದು. ನಮ್ಮ ಸಂವಿಧಾನದ 25ನೆಯ ಅನುಚ್ಛೇದವೂ ಧಾರ್ಮಿಕ ಸ್ವಾತಂತ್ರ್ಯವನ್ನು ಕೊಡುವಾಗ ಸಾರ್ವಜನಿಕ ಸುವ್ಯವಸ್ಥೆ, ನೀತಿ, ಆರೋಗ್ಯಗಳ ಮೇರೆಯನ್ನು ಹಾಕಿದೆ. ಗಡ್ಡ ಬಿಡಲು ಅನುಮತಿ ಬೇಡಿದ ವಾಯುಪಡೆಯ ಯೋಧನೊಬ್ಬನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2016ರ ಡಿಸೆಂಬರಿನಲ್ಲಿ ಅವನ ವಿರುದ್ಧ ತೀರ್ಪು ಕೊಟ್ಟಿತು. ಕೂದಲು ತೆಗೆಯುವುದನ್ನು ಧರ್ಮವೇ ನಿಷೇಧಿಸಿದವರಿಗೆ ಮಾತ್ರ ನಿಯಮದಲ್ಲಿ ವಿನಾಯಿತಿ ಇತ್ತು. ಇಲ್ಲಿ ಅಂಥ ನಿಷೇಧ ಸಿದ್ಧವಾಗಲಿಲ್ಲವೆಂಬುದು ನ್ಯಾಯಾಲಯದ ಮತ. ಅದಕ್ಕೆ ವ್ಯತಿರಿಕ್ತವಾಗಿ ಅಮೆರಿಕದ ಭೂಸೇನೆ 2017ರ ಜನವರಿಯಲ್ಲಿ ಗಡ್ಡ, ಪೇಟ, ಹಿಜಾಬುಗಳಿಗೆ ಅನುಮತಿ ಪಡೆಯುವ ದಾರಿಯನ್ನು ಸುಗಮಗೊಳಿಸಿತು. ಗೆರೆ ಎಲ್ಲಿ ಎಂಬುದರಲ್ಲಿ ದೇಶ ದೇಶಕ್ಕೆ ಭೇದವಿರಬಹುದು. ಆದರೆ ಗೆರೆ ಎಳೆಯುವ ಮೊದಲು ವಿಚಾರಿಸಬೇಕು, ಎಳೆದ ಮೇಲೆ ಎಲ್ಲರಿಗೂ ಸಮನಾಗಿ ಎಳೆಯಬೇಕು. ಹಾಗೆಯೇ, ನಮಾಜು ಮಾಡದ, ಉಪವಾಸ ಹಿಡಿಯದ ಮುಸಲ್ಮಾನನನ್ನು ‘ನೀನೇಕೆ ಮಾಡುವುದಿಲ್ಲ?’ ಎಂದು ಕೆಣಕುವ ಅಧಿಕಾರವೂ ನಮಗಿಲ್ಲ.

ಕೊನೆಯದಾಗಿ ಒಂದು ವಿಷಯ. ಯುದ್ಧಭೂಮಿಯಲ್ಲಿ ನಮಾಜು ಹೇಗೆ ಮಾಡಬೇಕೆಂಬುದನ್ನು ಕುರಾನಿನ ನಾಲ್ಕನೆಯ ಅಧ್ಯಾಯವೇ ವಿವರಿಸುತ್ತದೆ. ಎಲ್ಲರೂ ಒಮ್ಮೆಲೇ ಬಾಗಬಾರದು. ಒಂದು ತಂಡ ನಮಾಜಿಗೆ ನಿಂತಾಗ ಇನ್ನೊಂದು ತಂಡ ಪಹರೆಯಲ್ಲಿರಬೇಕು. ಬಳಿಕ ಇವರು ಪಹರೆಗೆ, ಅವರು ನಮಾಜಿಗೆ. ನಮ್ಮ ಕಾರ್ಖಾನೆ ಕಛೇರಿಗಳಲ್ಲಿಯೂ ಇದು ಹೊಸದಲ್ಲ. ಈದಿನ ದಿನ ರಾಮಣ್ಣ ಯಂತ್ರ ನೋಡಿಕೊಳ್ಳುತ್ತಾನೆ. ದೀಪಾವಳಿಯ ರಾತ್ರಿಪಾಳಿಗೆ ಕರೀಂ ಸಾಬರು ತಾವಾಗಿಯೇ ಹೆಸರು ಕೊಡುತ್ತಾರೆ. ಯಂತ್ರವೂ ನಿಲ್ಲುವುದಿಲ್ಲ, ಹಬ್ಬವೂ ನಿಲ್ಲುವುದಿಲ್ಲ. ಎಲ್ಲಿ ಹಾಗೆ ನಡೆಯುತ್ತಿದೆಯೋ ಅಲ್ಲಿಯ ಮೇಲಧಿಕಾರಿ ಅದನ್ನು ಕೆಡಿಸದಿದ್ದರೆ ಸಾಕು. ಎಲ್ಲಿ ನಡೆಯುತ್ತಿಲ್ಲವೋ ಅಲ್ಲಿ ಮುಂದಿನ ಪಾಳಿಯ ಪಟ್ಟಿ ಬರೆಯುವಾಗ ಮೊದಲು ಮಾಡಬಹುದು.