ಪುನರ್ಪುಳಿ ಕುಡಿದ್ರೆ ತೂಕ ಇಳಿಯುತ್ತಾ?

ಮೇ ಕೊನೆಯಲ್ಲಿ ಪುತ್ತೂರಿನ ಕಡೆ ನಮ್ಮ ಮನೆಗೆ ಹೋಗಿದ್ದೆ. ಚಿಕ್ಕಮ್ಮ ಫ್ರಿಜ್ ಮೇಲಿಂದ ಒಂದು ಡಬ್ಬಿ ತೆಗೆದು ಕೈಗೆ ಕೊಟ್ಟರು. "ನೋಡು ಮಾರಾಯ, ಇದು ತಗೊಂಡ್ರೆ ಸಪೂರ ಆಗ್ತಾರಂತೆ." 60 ಮಾತ್ರೆ, 1,200 ರೂಪಾಯಿ. ಲೇಬಲ್ ಓದಿದ್ರೆ ಒಳಗಿರೋದು ಗಾರ್ಸಿನಿಯಾ ಸಾರ. ಅದೇ ಗಾರ್ಸಿನಿಯಾ ಕುಲದ ಪುನರ್ಪುಳಿ ಮರ ನಮ್ಮ ಹಿತ್ತಲಲ್ಲೇ ಇದೆ, ಬುಡದಲ್ಲಿ ಹಣ್ಣು ಬಿದ್ದು ಕೊಳೀತಾ ಇದೆ! ನಾನು ಬಿ.ಕಾಂ ಓದಿದವನು, ಕೆಮಿಸ್ಟ್ರಿ ಎಸ್ಸೆಸ್ಸೆಲ್ಸಿಗೇ ಮುಗೀತು. ಆದ್ರೆ ಲೆಕ್ಕ ತಾಳೆಯಾಗದಿದ್ರೆ ನನಗೆ ನಿದ್ದೆ ಬರಲ್ಲ.

ಪುನರ್ಪುಳಿ ಅಂದ್ರೆ ಉತ್ತರ ಕನ್ನಡದವರ ಮುರುಗಲು, ಕೊಂಕಣದವರ ಕೋಕಂ. ಇದರ ಅಣ್ಣ ಉಪ್ಪಾಗೆ. ಎರಡರ ಸಿಪ್ಪೆಯಲ್ಲೂ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಇದೆ, ಚಿಕ್ಕದಾಗಿ ಎಚ್‌ಸಿಎ. ನಿಂಬೆಹಣ್ಣಿನ ಸಿಟ್ರಿಕ್ ಆಮ್ಲದ ಹತ್ತಿರದ ಸಂಬಂಧಿ. ಇದನ್ನ ಗುರುತಿಸಿದ್ದು ಎಲ್ಲಿ ಗೊತ್ತಾ? ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐಯಲ್ಲಿ. ಲೂಯಿಸ್ ಮತ್ತು ನೀಲಕಂಠನ್ ಅನ್ನೋ ವಿಜ್ಞಾನಿಗಳು 1965ರಲ್ಲಿ ಪ್ರಕಟಿಸಿದ್ರು.

ನಮ್ಮ ದೇಹ ಹೆಚ್ಚಾದ ಸಕ್ಕರೆಯನ್ನ ಕೊಬ್ಬು ಮಾಡಿ ಇಟ್ಟುಕೊಳ್ಳುತ್ತಲ್ಲ, ಆ ಕೆಲಸಕ್ಕೆ ಒಂದು ಕಿಣ್ವ ಬೇಕು. ಎಚ್‌ಸಿಎ ಅದನ್ನ ತಡೆಯುತ್ತೆ. ಇಲಿಗಳಲ್ಲಿ ಕೊಬ್ಬು ತಯಾರಾಗೋದು ಕಡಿಮೆ ಆಯ್ತು. ಇಲ್ಲಿಂದಲೇ ಮಾತ್ರೆ ವ್ಯಾಪಾರ ಶುರು. ಆದ್ರೆ ಮನುಷ್ಯರಲ್ಲಿ? ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ಮಾಡಿ 1998ರಲ್ಲಿ ಫಲಿತಾಂಶ ಪ್ರಕಟಿಸಿದ್ರು. ಎಲ್ಲರಿಗೂ ಒಂದೇ ರೀತಿಯ ಪಥ್ಯ. ಎಚ್‌ಸಿಎ ತಗೊಂಡವರು ಸರಾಸರಿ 3.2 ಕೆ.ಜಿ. ಇಳಿದರು, ಉತ್ತುತ್ತು ಮಾತ್ರೆ ನುಂಗಿದವರು 4.1 ಕೆ.ಜಿ. ಹೌದು, ಸರಿಯಾಗೇ ಕೇಳಿಸಿಕೊಂಡ್ರಿ. ಈ ವ್ಯತ್ಯಾಸ ಕಾಕತಾಳೀಯ ಇರಬಹುದು, ಆದ್ರೆ ಮಾತ್ರೆಯಿಂದ ಲಾಭ ಅಂತೂ ಕಾಣಲಿಲ್ಲ. ಗಾರ್ಸಿನಿಯಾ ಇರುವ ಮಾತ್ರೆ ತಗೊಂಡ ಕೆಲವರ ಲಿವರ್‌ಗೆ ಪೆಟ್ಟಾದ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿವೆ.

ಹಾಗಂತ ಶರಬತ್ತಿಗೆ ಹೆದರಬೇಡಿ, ಅದರಲ್ಲಿರೋದು ಸಾರ ಅಲ್ಲ, ಒಂದಿಷ್ಟು ಹುಳಿ. ಆದ್ರೆ ಲೋಟಕ್ಕೆ 15 ಗ್ರಾಂ ಸಕ್ಕರೆ ಹಾಕಿದ್ರೆ 60 ಕ್ಯಾಲರಿ ಒಳಗೆ ಹೋಯ್ತು ಅಂತ ಲೆಕ್ಕ. ತೂಕ ಇಳಿಸೋಕೆ ಕುಡೀತೀನಿ ಅನ್ನೋರು ಇದನ್ನ ಬರೆದಿಟ್ಟುಕೊಳ್ಳಿ.

ಆ ಕೆಂಪು ಬಣ್ಣ ಆಂಥೋಸಯನಿನ್. ಶರಬತ್ತಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ನೋಡಿ, ಹುಳಿ ಸತ್ತು ಕೆಂಪು ನೀಲಿಗೆ ತಿರುಗುತ್ತೆ. ಬಿಸಿಲು, ಬಿಸಿ ಎರಡೂ ಈ ಬಣ್ಣಕ್ಕೆ ಆಗಿಬರಲ್ಲ. ಅಜ್ಜಿ ಶರಬತ್ತಿನ ಬಾಟಲಿಯನ್ನ ಕತ್ತಲೆ ಮೂಲೆಯಲ್ಲೇ ಯಾಕೆ ಇಡ್ತಿದ್ರು ಅಂತ ನನಗೆ ಈಗ ಹೊಳೀತು.

ನನಗೆ ನಿಜವಾಗಿ ಹೊಟ್ಟೆ ಉರಿದದ್ದು ಬೀಜದ ವಿಷಯಕ್ಕೆ. ಸಿಪ್ಪೆ ಬಿಡಿಸಿ ಬೀಜ ಎಸೀತೀವಲ್ಲ, ಅದರ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬು! ಹೆಚ್ಚಿನದು ಸ್ಟಿಯರಿಕ್ ಮತ್ತು ಓಲಿಯಿಕ್ ಆಮ್ಲ, ಹಾಗಾಗಿ ಕರಾವಳಿ ಸೆಕೆಯಲ್ಲೂ ಗಟ್ಟಿಯಾಗೇ ಇರುತ್ತೆ. ಮಲೆನಾಡಿನಲ್ಲಿ ಒಡೆದ ಹಿಮ್ಮಡಿಗೆ ಹಚ್ಚೋ ಮುರುಗಲು ತುಪ್ಪ ಇದೇ. ಯುರೋಪಿನ 2000ನೇ ಇಸವಿಯ ಚಾಕೊಲೇಟ್ ನಿಯಮದಲ್ಲಿ, ಕೋಕೋ ಬೆಣ್ಣೆಯಲ್ಲದೆ ಶೇ 5ರವರೆಗೆ ಬೆರೆಸಲು ಒಪ್ಪಿಗೆ ಸಿಕ್ಕ ಆರು ಕೊಬ್ಬುಗಳಲ್ಲಿ ಇದೂ ಒಂದು. ನಾವು ತಿಪ್ಪೆಗೆ ಹಾಕ್ತಾ ಇರೋದು ಇದನ್ನ.

ಚಿಕ್ಕಮ್ಮ ಡಬ್ಬಿ ಮುಚ್ಚಿಟ್ಟಿದ್ದಾರೆ. "1,200 ಹೋಯ್ತಲ್ಲ" ಅಂತ ಗೊಣಗ್ತಾ ಒಂದು ಗೆರಸೆ ಬೀಜ ಒಣಗಿಸಿದ್ದಾರೆ. ಅಜ್ಜಿ ಅದನ್ನ ಜಜ್ಜಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ತುಪ್ಪ ತೆಗೀತಿದ್ರು. ಎಷ್ಟು ಹೊತ್ತು ಕುದಿಸಬೇಕು ಅಂತ ಮನೇಲಿ ಯಾರಿಗೂ ನೆನಪಿಲ್ಲ. ನಿಮ್ಮನೆ ಅಜ್ಜಿಗೆ ಗೊತ್ತಿದ್ರೆ ಒಂದು ವಾಯ್ಸ್ ನೋಟ್ ಕಳಿಸಿ.