ಸಾರಾಳ ಸಾವಿಗೆ ಲೆಕ್ಕ ಕೊಡಬೇಕಾದವರು ಯಾರೆಲ್ಲ?

2023ರ ಆಗಸ್ಟ್ 10ರ ನಸುಕಿನಲ್ಲಿ ಇಂಗ್ಲೆಂಡಿನ ಸರ್ರೆ ಪೊಲೀಸರಿಗೆ ಪಾಕಿಸ್ತಾನದಿಂದ ಒಂದು ಕರೆ ಬಂತು. ಮಾತನಾಡಿದವನು ಒಬ್ಬ ತಂದೆ. ಮಗಳಿಗೆ ಕಾನೂನು ಪ್ರಕಾರವೇ ಶಿಕ್ಷೆ ಕೊಟ್ಟೆ, ಅವಳು ಸತ್ತುಹೋದಳು ಎಂಬ ಅರ್ಥದ ಮಾತನ್ನು ಆತ ಅಳುತ್ತಾ ಹೇಳಿದ. ಪೊಲೀಸರು ವೋಕಿಂಗ್ ಪಟ್ಟಣದ ಆ ಮನೆಗೆ ಹೋದಾಗ ಹತ್ತು ವರ್ಷದ ಸಾರಾ ಶರೀಫ್‌ಳ ಮೃತದೇಹ ಹಾಸಿಗೆಯಲ್ಲಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ತಂದೆ, ಮಲತಾಯಿ ಮತ್ತು ಚಿಕ್ಕಪ್ಪ ಉಳಿದ ಐವರು ಮಕ್ಕಳನ್ನು ಕರೆದುಕೊಂಡು ಹಿಂದಿನ ದಿನವೇ ವಿಮಾನ ಹತ್ತಿದ್ದರು.

ಆ ಪುಟ್ಟ ಮೈಮೇಲೆ ಎಪ್ಪತ್ತಕ್ಕೂ ಹೆಚ್ಚು ಹೊಸ ಗಾಯಗಳಿದ್ದವು. ಇಪ್ಪತ್ತೈದು ಕಡೆ ಮೂಳೆ ಮುರಿದಿತ್ತು. ಇಸ್ತ್ರಿಪೆಟ್ಟಿಗೆಯಿಂದ ಸುಟ್ಟ ಗುರುತು ಇತ್ತು. ಇದಕ್ಕಿಂತ ಹೆಚ್ಚು ವಿವರ ಬೇಡ. ಮಕ್ಕಳೂ ಓದುವ ಪುಟ ಇದು.

ಮೂವರೂ ಸೆಪ್ಟೆಂಬರ್ 13ರಂದು ಲಂಡನ್‌ಗೆ ಮರಳಿದಾಗ ಬಂಧನವಾಯಿತು. ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ತಂದೆ ಮೊದಲು ಎಲ್ಲ ತಪ್ಪನ್ನೂ ಹೆಂಡತಿಯ ತಲೆಗೆ ಕಟ್ಟಿದ. ಕೊನೆಗೆ ಕಟಕಟೆಯಲ್ಲಿ ನಿಂತು ಮಗಳ ಸಾವಿಗೆ ತಾನೇ ಹೊಣೆ ಎಂದ. 2024ರ ಡಿಸೆಂಬರ್ 17ರಂದು ಶಿಕ್ಷೆ ಪ್ರಕಟವಾಯಿತು. ಕೊಲೆ ಅಪರಾಧಕ್ಕಾಗಿ ತಂದೆಗೂ ಮಲತಾಯಿಗೂ ಜೀವಾವಧಿ. ಅದರಲ್ಲಿ ತಂದೆ ಕನಿಷ್ಠ 40 ವರ್ಷ, ಮಲತಾಯಿ ಕನಿಷ್ಠ 33 ವರ್ಷ ಜೈಲಿನಲ್ಲೇ ಇರಬೇಕು. ಚಿಕ್ಕಪ್ಪನಿಗೆ 16 ವರ್ಷ.

ನೋಡುತ್ತಾ ಸುಮ್ಮನಿದ್ದವನಿಗೂ ಶಿಕ್ಷೆ

ಚಿಕ್ಕಪ್ಪನ ಮೇಲಿನ ಕೊಲೆ ಆರೋಪ ಸಾಬೀತಾಗಲಿಲ್ಲ. ಹಾಗಾದರೆ 16 ವರ್ಷ ಯಾಕೆ ಎಂದು ಕೇಳಬಹುದು. ಇಂಥ ಸಾವುಗಳಿಗೆ ನ್ಯಾಯ ಸಿಗುವುದು ಕಷ್ಟ. ಮುಚ್ಚಿದ ಬಾಗಿಲ ಹಿಂದೆ ನಡೆದದ್ದಕ್ಕೆ ಆ ಮನೆಯವರೇ ಸಾಕ್ಷಿ. ಅವನು ಇವಳನ್ನು ತೋರಿಸ್ತಾನೆ, ಇವಳು ಅವನನ್ನು ತೋರಿಸ್ತಾಳೆ. ಹೊಡೆದ ಕೈ ಯಾವುದು ಎಂದು ಸಾಬೀತಾಗದೆ ಇಬ್ಬರೂ ತಪ್ಪಿಸಿಕೊಳ್ಳುವ ಸಾಧ್ಯತೆ ಇರುತ್ತದೆ. ಮಾತನಾಡಬೇಕಾದ ಮಗು ಕಬರಿನಲ್ಲಿದೆ.

ಈ ದಾರಿ ಮುಚ್ಚಲೆಂದೇ ಬ್ರಿಟನ್ 2004ರಲ್ಲಿ ಒಂದು ಕಾನೂನು ತಂದಿತು. ಮಗುವಿಗೆ ಅಪಾಯ ಇದೆ ಎಂದು ಗೊತ್ತಿದ್ದೂ, ಅಥವಾ ಗೊತ್ತಾಗಬೇಕಿದ್ದರೂ, ತಡೆಯದೆ ಸುಮ್ಮನಿದ್ದ ಮನೆಯವರೂ ಅದರ ಪ್ರಕಾರ ಅಪರಾಧಿಗಳು. ಮೊದಲು ಗರಿಷ್ಠ 14 ವರ್ಷ ಇದ್ದ ಈ ಶಿಕ್ಷೆಯನ್ನು 2022ರಲ್ಲಿ ಜೀವಾವಧಿಗೆ ಏರಿಸಲಾಯಿತು. ‘ನಾನು ಕೈ ಎತ್ತಲಿಲ್ಲ, ನನಗೇನು?’ ಎಂಬ ಮಾತು ಅಲ್ಲಿನ ಕೋರ್ಟಿನಲ್ಲಿ ನಡೆಯುವುದಿಲ್ಲ. ನಾಳೆ ಅಲ್ಲಾಹನ ಮುಂದೆ ನಡೆಯುತ್ತದೆಯೇ?

ಗೊತ್ತಿದ್ದವರು ಎಷ್ಟು ಮಂದಿ!

ಸಾರಾಳ ನೋವು ಯಾರಿಗೂ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಗಂಡ ಆ ಮಗುವಿಗೆ ಹೊಡೆಯುವುದನ್ನು ಮಲತಾಯಿ ತನ್ನ ತಂಗಿ, ಅಕ್ಕಂದಿರಿಗೆ 2021ರಿಂದಲೇ ವಾಟ್ಸ್‌ಆ್ಯಪ್‌ನಲ್ಲಿ ಬರೆಯುತ್ತಿದ್ದಳು. ಪೊಲೀಸರಿಗೆ ತಿಳಿಸಿದವರು ಯಾರೂ ಇಲ್ಲ. ಪಕ್ಕದ ಮನೆಯವರಿಗೆ ಹೊಡೆತದ ಸದ್ದು, ಮಗುವಿನ ಕೂಗು ಕೇಳಿಸುತ್ತಿತ್ತು. 2023ರ ಮಾರ್ಚ್‌ನಲ್ಲಿ ಶಾಲೆಯ ಶಿಕ್ಷಕರು ಮುಖದ ಮೇಲಿನ ಗಾಯ ನೋಡಿ ಇಲಾಖೆಗೆ ವರದಿ ಮಾಡಿದರು. ಕೆಲವೇ ದಿನಗಳಲ್ಲಿ ಆ ಫೈಲು ಮುಚ್ಚಿತು. ಮುಂದಿನ ತಿಂಗಳೇ ತಂದೆ ಅವಳನ್ನು ಶಾಲೆ ಬಿಡಿಸಿ, ಮನೆಯಲ್ಲೇ ಕಲಿಸುತ್ತೇನೆ ಎಂದ. ಮಗುವನ್ನು ದಿನಾ ನೋಡುತ್ತಿದ್ದ ಹೊರಗಿನ ಕಣ್ಣುಗಳು ಅಲ್ಲಿಗೆ ತಪ್ಪಿದವು. ನಾಲ್ಕು ತಿಂಗಳಲ್ಲಿ ಅವಳು ತೀರಿಕೊಂಡಳು.

2025ರ ನವೆಂಬರ್‌ನಲ್ಲಿ ಹೊರಬಂದ ಪರಿಶೀಲನಾ ವರದಿ ಓದಿದರೆ ಹೊಟ್ಟೆ ಉರಿಯುತ್ತದೆ. ಸಾಯುವ ಹಿಂದಿನ ದಿನ ಅಧಿಕಾರಿಗಳು ಅವಳನ್ನು ನೋಡಲು ಹೋಗಿದ್ದರು, ಆದರೆ ಹಳೆಯ ವಿಳಾಸಕ್ಕೆ! ದೂರು ಕೊಟ್ಟರೆ ತಮ್ಮನ್ನು ಜನಾಂಗ ದ್ವೇಷಿಗಳು ಎಂದಾರು ಎಂದು ನೆರೆಯವರು ಹಿಂಜರಿದರು ಎಂಬುದೂ ಆ ವರದಿಯಲ್ಲಿದೆ.

ಇನ್ನೊಂದು ಸಂಗತಿ ನಮಗೆ ನುಂಗಲಾರದ್ದು. ಸಾರಾ ಹಿಜಾಬ್ ಧರಿಸತೊಡಗಿದ್ದಳು. ಆ ಮನೆಯ ಬೇರೆ ಯಾವ ಹೆಣ್ಣೂ ಧರಿಸುತ್ತಿರಲಿಲ್ಲ. ಅದು ಗಾಯ ಮುಚ್ಚಲು ಎಂದು ನ್ಯಾಯಾಲಯದಲ್ಲಿ ಹೇಳಲಾಯಿತು. ದೀನಿನ ಗುರುತೊಂದನ್ನು ಕ್ರೌರ್ಯಕ್ಕೆ ಪರದೆ ಮಾಡಿಕೊಂಡರು. ಹೊರಗಿನವರು ‘ಅದು ಅವರ ಧರ್ಮದ ವಿಷಯ’ ಎಂದು ಹಿಂದೆ ಸರಿಯುವಲ್ಲಿ, ಒಳಗಿನವರಾದ ನಾವಾದರೂ ಮುಂದೆ ಬರಬೇಕಲ್ಲವೇ?

ನಮ್ಮ ಅಂಗಳದಲ್ಲಿ

ತಂದೆಯ ಆ ಫೋನ್ ಮಾತನ್ನು ಮತ್ತೊಮ್ಮೆ ನೆನಪಿಸಿಕೊಳ್ಳಿ. ಹೊಡೆದದ್ದನ್ನು ಆತ ಶಿಕ್ಷೆ ಎಂದೇ ಕರೆದ. ‘ಎರಡು ಬಾರಿಸಿ ಉಸ್ತಾದ್, ನಾವು ಕೇಳುವುದಿಲ್ಲ’ ಎಂದು ಮಗುವನ್ನು ಮದ್ರಸಕ್ಕೆ ಬಿಟ್ಟು ಹೋಗುವ ಪೋಷಕರು ನಮ್ಮಲ್ಲೂ ಇದ್ದಾರೆ. ಹೊಡೆದ್ರೆ ಮಾತ್ರ ಬುದ್ಧಿ ಬರ್ತದೆ ಎಂಬ ನಂಬಿಕೆಗೆ ದೀನಿನ ಹೆಸರು ಹಚ್ಚುವುದು ಬೇಡ. ತನಗೆ ಹತ್ತು ಮಕ್ಕಳಿದ್ದರೂ ಒಂದನ್ನೂ ಮುದ್ದಿಸಿಲ್ಲ ಎಂದ ಗೋತ್ರದ ಮುಖಂಡನಿಗೆ, ಕರುಣೆ ತೋರದವನಿಗೆ ಕರುಣೆ ಸಿಗದು ಎಂದು ಪ್ರವಾದಿ (ಸ.ಅ.) ಹೇಳಿದ್ದು ನಮ್ಮ ಸಣ್ಣ ತರಗತಿಯ ಮಕ್ಕಳಿಗೂ ಗೊತ್ತು. ಸ್ವಂತ ತಂದೆ ತಾಯಿಯ, ಹತ್ತಿರದ ಸಂಬಂಧಿಕರ ವಿರುದ್ಧವಾದರೂ ನ್ಯಾಯಕ್ಕೆ ಸಾಕ್ಷಿ ನಿಲ್ಲಬೇಕೆಂದು ಸೂರಾ ಅನ್ನಿಸಾದಲ್ಲಿ ಆದೇಶವಿದೆ. ಅದರ ಮುಂದೆ ‘ಮನೆಯ ಮರ್ಯಾದೆ’ ಎಂಬ ನೆಪ ನಿಲ್ಲುವುದಿಲ್ಲ.

ಮಲತಾಯಿಯರೆಲ್ಲ ಕೆಟ್ಟವರಲ್ಲ. ಬೇರೆಯವರ ಮಗುವನ್ನು ಎದೆಗವಚಿಕೊಂಡು ಸಾಕಿದ ಎಷ್ಟೋ ಉಮ್ಮಂದಿರು ನಮ್ಮ ನಡುವೆ ಇದ್ದಾರೆ. ಆದರೆ ತಲಾಖ್, ಮರುಮದುವೆಯ ನಡುವೆ ಸಿಕ್ಕಿದ ಮಗು ಯಾರ ಮನೆಯಲ್ಲಿದೆ, ಹೇಗಿದೆ ಎಂದು ಜಮಾಅತ್ ಒಮ್ಮೆ ವಿಚಾರಿಸುವುದರಲ್ಲಿ ತಪ್ಪೇನೂ ಇಲ್ಲ. ದಿನಾ ಬರುತ್ತಿದ್ದ ಮಗು ಶಾಲೆಗೂ ಇಲ್ಲ, ಮದ್ರಸಕ್ಕೂ ಇಲ್ಲ ಎಂದಾದರೆ ನಾವು ಉಸ್ತಾದರು ಆ ಮನೆಗೆ ಹೋಗಬೇಕು. ಮೈಮೇಲೆ ಮತ್ತೆ ಮತ್ತೆ ಗಾಯ, ಕೇಳಿದಾಗಲೆಲ್ಲ ‘ಬಿದ್ದೆ’ ಎಂಬ ಉತ್ತರ, ದೊಡ್ಡವರು ಕೈ ಎತ್ತಿದರೆ ಬೆಚ್ಚುವುದು ಇವನ್ನು ಕಂಡೂ ಕಾಣದಂತೆ ಇರಬಾರದು.

ನಮ್ಮ ದೇಶದಲ್ಲೂ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಪ್ರಕಾರ, ಮಗುವಿನ ಹೊಣೆ ಹೊತ್ತವರೇ ಅದನ್ನು ಹಿಂಸಿಸಿದರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ ವಿಧಿಸಬಹುದು. ಪ್ರತಿ ಜಿಲ್ಲೆಯಲ್ಲೂ ಮಕ್ಕಳ ಕಲ್ಯಾಣ ಸಮಿತಿ ಇದೆ. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ನೆರೆಮನೆಯವರೂ ಮಾಡಬಹುದು, ಮಗುವೇ ಮಾಡಬಹುದು.

ಸಾರಾಳ ಅಪರಾಧಿಗಳಿಗೆ ಶಿಕ್ಷೆ ಪ್ರಕಟವಾದ ದಿನವೇ, ಅಪಾಯದಲ್ಲಿರುವ ಮಗುವನ್ನು ತಂದೆ ತಾಯಿ ತಮ್ಮಿಷ್ಟದಂತೆ ಶಾಲೆ ಬಿಡಿಸದಂತೆ ತಡೆಯುವ ಅಂಶವಿರುವ ಮಸೂದೆ ಬ್ರಿಟಿಷ್ ಸಂಸತ್ತಿನಲ್ಲಿ ಮಂಡನೆಯಾಯಿತು. ಮುಂದಿನ ಮಕ್ಕಳಿಗೆ ಅದರಿಂದ ಒಳಿತಾಗಲಿ. ಆದರೆ ಕೋರ್ಟು ಕೊಡುವ ನ್ಯಾಯ ಮಗು ಸತ್ತ ಮೇಲಿನದು. ಜೀವ ಇರುವಾಗ ಸಿಗಬೇಕಾದ ನ್ಯಾಯ ಪಕ್ಕದ ಮನೆಯವರ, ಸಂಬಂಧಿಕರ, ಉಸ್ತಾದರ ಕೈಯಲ್ಲಿದೆ. 1098 ಎಂಬ ನಂಬರನ್ನು ಇವತ್ತೇ ಮೊಬೈಲಿನಲ್ಲಿ ಸೇವ್ ಮಾಡಿಕೊಳ್ಳೋಣ, ಮಕ್ಕಳಿಗೂ ಬಾಯಿಪಾಠ ಮಾಡಿಸೋಣ.